ಪೆಟ್ಟಿಗೆ ಸೋಲುವುದು ಅಂಚಿನಲ್ಲಿ

ಕ್ಯಾಂಪಿಂಗಿಗೆಂದು ಗಟ್ಟಿಮುಟ್ಟಾದ ಪೆಟ್ಟಿಗೆ ಮಾಡಿಸಲು ವರ್ಕ್‌ಶಾಪಿಗೆ ಹೋದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಗೇಜಿನ ತಗಡು ಹಾಕುತ್ತೀರಿ? ಕೇಳಬೇಕಾದ ಪ್ರಶ್ನೆಯೇ, ಆದರೆ ಅದರ ಸರದಿ ನಾಲ್ಕನೆಯದೋ ಐದನೆಯದೋ ಆಗಬೇಕು. ಅಟ್ಟದ ಮೇಲಿನ ಹಳೇ ಟ್ರಂಕನ್ನು ಇಳಿಸಿ ನೋಡಿ. ಮಗ್ಗುಲ ತಗಡು ನೆಗ್ಗಿರುತ್ತದೆ, ಬಣ್ಣ ಹೋಗಿರುತ್ತದೆ, ಆದರೂ ಇನ್ನೊಂದು ತಲೆಮಾರು ಬಾಳುವಷ್ಟು ಗಟ್ಟಿಯಾಗಿರುತ್ತದೆ. ಕೆಟ್ಟಿರುವುದು ಬೇರೆ ಕಡೆ: ಕೀಲಿನ ರಿವೆಟ್ ಕಿತ್ತಿರುತ್ತದೆ, ಚಿಲಕ ಕೂರುವುದಿಲ್ಲ, ಮುಚ್ಚಳದ ಒಂದು ಮೂಲೆ ಎದ್ದು ನಿಂತಿರುತ್ತದೆ, ತಳದ ಮಡಿಕೆಯಲ್ಲಿ ತುಕ್ಕು ತಿಂದಿರುತ್ತದೆ. ಎರಡು ಭಾಗ ಕೂಡುವ ಜಾಗದಲ್ಲೇ ಪೆಟ್ಟಿಗೆ ಸೋಲುತ್ತದೆ. ವಿನ್ಯಾಸ ಮಾಡುವಾಗ ತಲೆ ಓಡಬೇಕಾದ್ದೂ, ಮಾಡಿಸುವಾಗ ಹಣ ಹೋಗಬೇಕಾದ್ದೂ, ಪರೀಕ್ಷಿಸುವಾಗ ಪೆಟ್ಟು ಬೀಳಬೇಕಾದ್ದೂ ಆ ಜಾಗಕ್ಕೇ.

ಉದಾಹರಣೆಗೆ ಜೀಪಿನ ಹಿಂದೆಯೋ ಕಾರಿನ ಟಾಪಿನ ಮೇಲೋ ಕೂರುವ, 60 ಸೆಂ.ಮೀ. ಉದ್ದ, 40 ಅಗಲ, 30 ಎತ್ತರದ ಒಂದು ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಅದು ಬಯಲುಸೀಮೆಯ ದೂಳು, ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಮೂರನ್ನೂ ತಡೆಯಬೇಕು.

ಮೊದಲು ಪಟ್ಟಿ, ಆಮೇಲೆ ಅಳತೆ

ಒಳಗೆ ಏನೇನು ಇಡಬೇಕೆಂಬ ಪಟ್ಟಿಯನ್ನು ಮೊದಲು ಬರೆಯಿರಿ, ಅಳತೆ ಆಮೇಲೆ. ನಮ್ಮ 60×40 ಎಂಬ ಅಳತೆಗೂ ಒಂದು ಕಾರಣವಿದೆ. ಯುರೋಪಿನಲ್ಲಿ ಸರಕು ಸಾಗಿಸುವ ಪ್ಯಾಲೆಟ್ 120×80 ಸೆಂ.ಮೀ.; ಅದರ ಮೇಲೆ ಇಂಥ ನಾಲ್ಕು ಪೆಟ್ಟಿಗೆ ಸಂದಿಲ್ಲದೆ ಕೂರುತ್ತವೆ. ಹಾಗಾಗಿ ಎಷ್ಟೋ ಕ್ರೇಟುಗಳು, ತಟ್ಟೆಗಳು, ಡ್ರಾಯರುಗಳು ಇದೇ ಅಳತೆಗೆ ಹೊಂದಿಕೊಂಡಿವೆ. ನಮ್ಮ ಪೆಟ್ಟಿಗೆಯೂ ಆ ಅಳತೆಯಲ್ಲಿದ್ದರೆ ಮುಂದೆ ಕೊಳ್ಳುವ ಮಾಲು ಅದರ ಜೊತೆ ಜೋಡಿಯಾಗುತ್ತದೆ.

ಎತ್ತರವನ್ನು ನಿರ್ಧರಿಸುವುದು ತೂಕ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಎತ್ತುವಿಕೆಯ ಸೂತ್ರದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತಬಹುದಾದ ಮಿತಿ 23 ಕೆ.ಜಿ. ಜೀಪಿನ ಹಿಂಬಾಗಿಲಿನಿಂದ ಸೊಂಟ ತಿರುಗಿಸಿ ಇಳಿಸುವಾಗ ಮಿತಿ ಇನ್ನೂ ಇಳಿಯುತ್ತದೆ. ನಮ್ಮ ಪೆಟ್ಟಿಗೆಯ ಹೊರ ಅಳತೆ 72 ಲೀಟರ್. ಅದಕ್ಕೆ ಪಾತ್ರೆ, ಅಕ್ಕಿ, ಸ್ಟವ್ ತುಂಬಿದರೆ 20 ಕೆ.ಜಿ. ದಾಟಲು ಹೊತ್ತಾಗದು. ಆದ್ದರಿಂದ ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಮಧ್ಯಮ ಗಾತ್ರದವು ಮೇಲು: ಒಂದು ಅಡುಗೆಗೆ, ಒಂದು ಸಲಕರಣೆಗೆ.

ಏನನ್ನು ಇಡಬಾರದು ಎಂಬುದನ್ನೂ ಪಟ್ಟಿಯಲ್ಲೇ ಬರೆದಿಡಿ. ಗ್ಯಾಸ್ ಕ್ಯಾನು, ಪೆಟ್ರೋಲು ಗಾಳಿಯಾಡದ ಪೆಟ್ಟಿಗೆಗೆ ಸಲ್ಲದು. ಬ್ಯೂಟೇನ್, ಪ್ರೊಪೇನ್ ಎರಡೂ ಗಾಳಿಗಿಂತ ಭಾರ. ಸೋರಿದರೆ ತಳದಲ್ಲಿ ನಿಲ್ಲುತ್ತವೆ. ಅವುಗಳಿಗೆ ತಳದಲ್ಲೇ ಕಿಂಡಿಯಿರುವ ಬೇರೆ ಡಬ್ಬಿ, ಅದೂ ಗಾಡಿಯ ಹೊರಗೆ ಇರಬೇಕು. ಒದ್ದೆ ಡೇರೆಗೂ ಇಲ್ಲಿ ಜಾಗವಿಲ್ಲ. ಹೊರಗಿನ ನೀರು ಒಳಗೆ ಬರದ ಪೆಟ್ಟಿಗೆಯಿಂದ ಒಳಗಿನ ತೇವ ಹೊರಗೂ ಹೋಗದು. ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಯಾವುದರಿಂದ ಮಾಡಬೇಕು

ನಮ್ಮ ಪೆಟ್ಟಿಗೆಯ ಆರು ಮುಖಗಳ ಒಟ್ಟು ವಿಸ್ತೀರ್ಣ 1.08 ಚದರ ಮೀಟರ್. ಮಡಿಕೆ, ಕೊಂಡಿ, ಹಿಡಿ ಬಿಟ್ಟು ಬರೀ ಗೋಡೆಗಳ ತೂಕ ಲೆಕ್ಕ ಹಾಕಿದರೆ 0.8 ಮಿ.ಮೀ. ಉಕ್ಕಿನ ತಗಡಿಗೆ ಸುಮಾರು 6.8 ಕೆ.ಜಿ., 12 ಮಿ.ಮೀ. ಪ್ಲೈವುಡ್ಡಿಗೆ 8 ಕೆ.ಜಿ.ಗಿಂತ ಹೆಚ್ಚು, 1.5 ಮಿ.ಮೀ. ಅಲ್ಯೂಮಿನಿಯಮ್ಮಿಗೆ 4.4, 4 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ಕಿಗೆ 4.1 ಕೆ.ಜಿ. ಬರುತ್ತದೆ.

ಉಕ್ಕು ಅಗ್ಗ, ಯಾವ ಊರಿನಲ್ಲಾದರೂ ವೆಲ್ಡಿಂಗ್ ಸಿಗುತ್ತದೆ. ಆದರೆ ಬಣ್ಣ ಕಿತ್ತ ಕಡೆಯೆಲ್ಲ ತುಕ್ಕು ಗ್ಯಾರಂಟಿ. ಪ್ಲೈವುಡ್ ಮನೆಯಲ್ಲೇ ಮಾಡಿಕೊಳ್ಳುವವರಿಗೆ ಹೇಳಿ ಮಾಡಿಸಿದ್ದು. ಐಎಸ್ 710 ಗುರುತಿನ ಮರೀನ್ ಪ್ಲೈಯನ್ನೇ ತನ್ನಿ. ಅದರ ಅಂಟು 72 ಗಂಟೆಯ ಕುದಿನೀರಿನ ಪರೀಕ್ಷೆಗೆ ಬಗ್ಗದಂಥದ್ದು. ಹಾಗೆಂದು ಕತ್ತರಿಸಿದ ಅಂಚಿಗೆ ಎಪಾಕ್ಸಿ ಹಚ್ಚದೆ ಬಿಟ್ಟರೆ ಪದರಗಳು ನೀರು ಕುಡಿದು ಉಬ್ಬುತ್ತವೆ. ಇಲ್ಲೂ ಅಂಚಿನದೇ ಕಥೆ.

ಪ್ಲಾಸ್ಟಿಕ್ಕಿನಲ್ಲಿ ಎರಡು ಜಾತಿ ಮುಖ್ಯ. ಪಾಲಿಪ್ರೊಪಿಲೀನ್ ಬಿಗಿಯಾಗಿರುತ್ತದೆ, ಆದರೆ ಅದರ ಸಾದಾ ರೂಪ ಸೊನ್ನೆ ಡಿಗ್ರಿಯ ಆಸುಪಾಸಿಗೆ ಬಂದಾಗ ಪೆಡಸಾಗಿ, ಪೆಟ್ಟು ಬಿದ್ದರೆ ಸೀಳುತ್ತದೆ. ಬೆಂಗಳೂರಿನಿಂದ ಲಡಾಖಿಗೆ ಹೊರಡುವವರು ಇದನ್ನು ನೆನಪಿಡಬೇಕು. ಎಚ್‌ಡಿಪಿಇ ಅಂಥ ಚಳಿಯಲ್ಲೂ ಬಾಗುತ್ತದೆಯೇ ಹೊರತು ಸೀಳುವುದಿಲ್ಲ. ಬಿಸಿಲು ಮಾತ್ರ ಎರಡಕ್ಕೂ ಶತ್ರು. ಅತಿನೇರಳೆ ಕಿರಣಕ್ಕೆ ಪ್ಲಾಸ್ಟಿಕ್ ಪುಡಿಯಾಗದಂತೆ ತಡೆಯಲು ಕಾರ್ಬನ್ ಬ್ಲ್ಯಾಕ್ ಬೆರೆಸುತ್ತಾರೆ. ಮನೆಮನೆಯ ಮೇಲೆ ಕೂತ ನೀರಿನ ಟ್ಯಾಂಕುಗಳು ಕಪ್ಪಗಿರುವುದಕ್ಕೆ ಅದೇ ಕಾರಣ. ಪೆಟ್ಟಿಗೆ ಟಾಪಿನ ಮೇಲೆ ಕೂರುವುದಾದರೆ ಬಣ್ಣಬಣ್ಣದ್ದನ್ನು ಬಿಟ್ಟು ಕಪ್ಪನ್ನೇ ಆರಿಸಿ.

ನಮ್ಮ ಉದಾಹರಣೆಗೆ ಅಲ್ಯೂಮಿನಿಯಮ್ ಇರಲಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಲೇಸರ್ ಕಟಿಂಗ್, ಬೆಂಡಿಂಗ್ ಎರಡೂ ಒಂದೇ ಬೀದಿಯಲ್ಲಿ ಆಗುತ್ತವೆ. ಕೇಳಬೇಕಾದ ದರ್ಜೆ 5052. ಇದು ಚಿಕ್ಕ ತ್ರಿಜ್ಯದಲ್ಲೂ ಬಿರಿಯದೆ ಮಡಚಿಕೊಳ್ಳುತ್ತದೆ, ಉಪ್ಪುಗಾಳಿಯನ್ನೂ ತಾಳುತ್ತದೆ. ಹೆಚ್ಚು ಬಲವಾದದ್ದೆಂದು 6061ರ ಟಿ6 ತಗಡನ್ನು ಕೊಟ್ಟರೆ, ಮಡಿಕೆಯ ಹೊರಮೈಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ.

ದಪ್ಪಕ್ಕಿಂತ ಮಡಿಕೆ ಲೇಸು

ಹಾಳೆಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 1.5ರ ಬದಲು 2 ಮಿ.ಮೀ. ಹಾಕಿದರೆ ಬಿಗಿ ಸುಮಾರು 2.4 ಪಟ್ಟು ಹೆಚ್ಚುತ್ತದೆ, ತೂಕ ಮೂರನೇ ಒಂದು ಭಾಗ ಏರುತ್ತದೆ. ಲಾಭದ ವ್ಯಾಪಾರವೆನಿಸಬಹುದು. ಆದರೆ 1.5 ಮಿ.ಮೀ. ತಗಡಿಗೇ ಐದಾರು ಮಿ.ಮೀ. ಆಳದ ಒಂದು ಗೀರು ಒತ್ತಿಸಿದರೆ, ಒಂದು ಗ್ರಾಂ ತೂಕವೂ ಏರದೆ ಅದಕ್ಕಿಂತ ಹೆಚ್ಚು ಬಿಗಿ ಸಿಗುತ್ತದೆ. ಟ್ರಂಕಿನ ಮುಚ್ಚಳದ ಮೇಲೆ ಉಬ್ಬಿದ ಪಟ್ಟಿ ಇರುವುದು ಅಂದಕ್ಕಲ್ಲ. ಮುಚ್ಚಳಕ್ಕೆ ಎರಡು ಗೀರು, ತಳಕ್ಕೆ ಎರಡು, ಬಾಯಂಚಿಗೆ ಸುತ್ತಲೂ ಒಳಮಡಿಕೆ ಕೊಟ್ಟರೆ 1.5 ಸಾಕು.

ಬಾಯಂಚಿನ ಮಡಿಕೆಯಲ್ಲಿ ಜಿಪುಣತನ ಬೇಡ. ಪೆಟ್ಟಿಗೆ ಉಬ್ಬುವುದು, ಜಗ್ಗುವುದು, ತಿರುಚಿಕೊಳ್ಳುವುದು ಎಲ್ಲವೂ ತೆರೆದ ಬಾಯಿಯ ಕಡೆಯಿಂದ. ಅಂಚು ಅರ್ಧ ಮಿ.ಮೀ. ಓಲಾಡಿದರೂ ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ.

ಮೂಲೆ ಮತ್ತು ರಿವೆಟ್

ಸಾಮಾನ್ಯ ಪಾಪ್ ರಿವೆಟ್ಟಿನ ನಡುವೆ ಟೊಳ್ಳಿರುತ್ತದೆ. ಒಳಗಿನ ಮೊಳೆ ಉದುರಿದರೆ ಅದು ನೀರಿಗೆ ನೇರ ಕೊಳವೆ. ಕೊಂಡಿ, ಕೀಲು, ಹಿಡಿಗಳಿಗೆ ತುದಿ ಮುಚ್ಚಿದ ಸೀಲ್ಡ್ ರಿವೆಟ್ ಕೇಳಿ, ಒಳಬದಿಗೆ ಅಗಲ ವಾಷರ್ ಅಥವಾ ಒಂದು ಪಟ್ಟಿ ಕೊಡಿಸಿ. ವಾಷರ್ ಇಲ್ಲದಿದ್ದರೆ ಹಿಡಿಯ ಪೂರ್ತಿ ಎಳೆತ ರಿವೆಟ್ಟಿನ ತಲೆಯಷ್ಟೇ ಜಾಗದ ಮೇಲೆ ಬೀಳುತ್ತದೆ. ತೂತು ಮೆಲ್ಲಗೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಒಂದು ದಿನ ರಿವೆಟ್ ಕೈಗೇ ಬರುತ್ತದೆ.

ಕರಾವಳಿಗೆ ಹೋಗುವ ಪೆಟ್ಟಿಗೆಗೆ ಇನ್ನೊಂದು ಕಾಟವಿದೆ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಮ್ಮಿಗೆ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ, ಕರಗುವುದು ಅಲ್ಯೂಮಿನಿಯಮ್. ಬೋಲ್ಟು ಹೊಸದರಂತೆ ಹೊಳೆಯುತ್ತಿರುತ್ತದೆ, ಸುತ್ತ ಬಿಳಿ ಪುಡಿ ಕಟ್ಟಿರುತ್ತದೆ. ನೈಲಾನ್ ವಾಷರ್, ಜೊತೆಗೊಂದಿಷ್ಟು ಸೀಲೆಂಟ್ ಹಾಕಿ ಎರಡನ್ನೂ ಬೇರ್ಪಡಿಸಿದರೆ ಸಾಕು.

ಎಂಟು ಮೂಲೆಗಳಿಗೆ ಬಿಡಿ ಕವಚ ಹಾಕುವುದು ಒಳ್ಳೆಯದು. ಪೆಟ್ಟಿಗೆ ಬೀಳುವಾಗ ಹೆಚ್ಚಾಗಿ ಮೂಲೆಯೇ ಮೊದಲು ನೆಲ ಮುಟ್ಟುತ್ತದೆ. ಕವಚ ನಜ್ಜುಗುಜ್ಜಾದರೆ ಅದನ್ನಷ್ಟೇ ಬದಲಿಸಬಹುದು.

ಮುಚ್ಚಳ ಎಂಬ ಯಂತ್ರ

ಮಳೆಯನ್ನು ತಡೆಯುವುದು ಗ್ಯಾಸ್ಕೆಟ್ಟಿನ ಕೆಲಸ ಎಂದು ನಂಬಿದವರೇ ಹೆಚ್ಚು. ಮೊದಲ ಕಾವಲು ಮುಚ್ಚಳದ ಇಳಿಅಂಚು. ಅದು ಪೆಟ್ಟಿಗೆಯ ಬಾಯಿಗಿಂತ ಎರಡು ಮೂರು ಸೆಂ.ಮೀ. ಕೆಳಗಿಳಿದಿದ್ದರೆ, ಮೇಲಿನಿಂದ ಬಿದ್ದ ನೀರು ಗ್ಯಾಸ್ಕೆಟ್ ಮುಟ್ಟುವ ಮೊದಲೇ ಜಾರಿ ಹೋಗುತ್ತದೆ. ಗ್ಯಾಸ್ಕೆಟ್ ಎರಡನೇ ಕಾವಲು.

ಅದಕ್ಕೆ ಇಪಿಡಿಎಂ ರಬ್ಬರಿನ ಸ್ಪಂಜು ಪಟ್ಟಿ ಒಳ್ಳೆಯದು. ಬಿಸಿಲನ್ನೂ ನೀರನ್ನೂ ತಾಳುತ್ತದೆ, ಎಣ್ಣೆಯನ್ನು ಮಾತ್ರ ತಾಳದು. ಸ್ಪಂಜು ಮುಚ್ಚಿದ ಗುಳಿಗಳದ್ದಾಗಿರಬೇಕು. ತೆರೆದ ಗುಳಿಗಳ ಫೋಮ್ ನೀರನ್ನು ಹೀರಿ ಒಳಗೇ ದಾಟಿಸುತ್ತದೆ. 10 ಮಿ.ಮೀ. ದಪ್ಪದ ಪಟ್ಟಿ, ಮುಚ್ಚಳ ಕೂತಾಗ ಆರೂವರೆಯಿಂದ ಏಳು ಮಿ.ಮೀ.ಗೆ ಅಮುಕಿಕೊಳ್ಳಬೇಕು. ಕಡಿಮೆಯಾದರೆ ಹಿಡಿಯದು, ಹೆಚ್ಚಾದರೆ ಮತ್ತೆ ಏಳದು. ಇದನ್ನು ಕೊಂಡಿಯ ಬಿಗಿಗೆ ಬಿಡದೆ, ಮುಚ್ಚಳ ಅಷ್ಟಕ್ಕೇ ನಿಲ್ಲುವಂತೆ ಒಳಗೊಂದು ತಡೆ ಇಡಿ. ಆಗ ಯಾರಾದರೂ ಮುಚ್ಚಳದ ಮೇಲೆ ಕೂತರೂ ರಬ್ಬರಿನ ಮೇಲೆ ಭಾರ ಬೀಳುವುದಿಲ್ಲ. ಪಟ್ಟಿಯ ಎರಡು ತುದಿ ಸೇರುವ ಜಾಗ ಹಿಂಬದಿಯ ನಡುವೆ ಇರಲಿ. ಮೂಲೆಯಲ್ಲಿ ಸೇರಿಸಿದರೆ ಅಲ್ಲೇ ಬಾಯಿ ಬಿಡುತ್ತದೆ.

ಇನ್ನು ಕೊಂಡಿ. ಹಳೇ ಟಿಫನ್ ಕ್ಯಾರಿಯರಿನ ಪಕ್ಕದ ಕೊಂಡಿಯಂತೆಯೇ ಇದರ ಕೆಲಸ. ಹಿಡಿಯನ್ನು ಒತ್ತುತ್ತ ಹೋದಂತೆ ಬಿಗಿ ಏರುತ್ತದೆ, ಒಂದು ಬಿಂದುವಿನಲ್ಲಿ ತುತ್ತತುದಿ ಮುಟ್ಟುತ್ತದೆ, ಅದನ್ನು ದಾಟಿದ ಕೂಡಲೇ ಟಕ್ಕೆಂದು ಒಳಗೆ ಕೂರುತ್ತದೆ. ಬಿಂದು ದಾಟಿದ ಮೇಲೆ ಮುಚ್ಚಳ ಮೇಲಕ್ಕೆ ತಳ್ಳಿದಷ್ಟೂ ಕೊಂಡಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಕುಲುಕಾಟಕ್ಕೆ ಅದು ಬಿಚ್ಚುವುದಿಲ್ಲ. ಪೇಟೆಯಲ್ಲಿ ಸಿಗುವ ಕೆಲವು ತೆಳು ಕೊಂಡಿಗಳು ಈ ಬಿಂದುವನ್ನು ಸರಿಯಾಗಿ ದಾಟುವುದೇ ಇಲ್ಲ. ಬಿಗಿಯಾಗಿ ಕಂಡರೂ ಹತ್ತು ಕಿಲೋಮೀಟರ್ ಕಚ್ಚಾ ರಸ್ತೆಗೆ ತೆರೆದುಕೊಳ್ಳುತ್ತವೆ. ಕೊಳ್ಳುವಾಗ ಆ ಟಕ್ ಶಬ್ದ ಕೇಳಿ ನೋಡಿ. ಎಳೆಯುವ ಕಡ್ಡಿಗೆ ಮರೆ ಇದ್ದು, ಬಿಗಿಯನ್ನು ತಿದ್ದಲು ಬರುವಂಥದ್ದೇ ಬೇಕು. 60 ಸೆಂ.ಮೀ. ಬದಿಗೆ ನಡುವೆ ಒಂದೇ ಕೊಂಡಿ ಸಾಲದು. ತುದಿಗಳಿಂದ ಸ್ವಲ್ಪ ಒಳಗೆ ಎರಡು ಇರಲಿ.

ಘಟ್ಟ ಹತ್ತಿದರೆ ಗಾಳಿಯೂ ಹೊರೆ

ಮಂಗಳೂರಿನಲ್ಲಿ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯನ್ನು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಒಯ್ದರೆ ಏನಾಗುತ್ತದೆ? ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್, ಶಿಖರದಲ್ಲಿ ಸುಮಾರು 80. ಒಳಗಿನದು ಹಾಗೇ ಉಳಿದರೆ 21ರ ವ್ಯತ್ಯಾಸ. ನಮ್ಮ ಮುಚ್ಚಳದ ಮೇಲೆ ಲೆಕ್ಕ ಹಾಕಿದರೆ ಒಳಗಿನಿಂದ ತಳ್ಳುವ ಬಲ ಸುಮಾರು 500 ಕೆ.ಜಿ. ತೂಕಕ್ಕೆ ಸಮ. ಯಾವ ತಗಡೂ ಅದಕ್ಕೆ ಉಬ್ಬದೆ ನಿಲ್ಲದು. ಗಾಳಿ ಗ್ಯಾಸ್ಕೆಟ್ ಸಂದಿನಿಂದ ನುಸುಳಿ ಹೋಗುತ್ತದೆ. ವಾಪಸು ಇಳಿಯುವಾಗ ಆಟ ತಿರುಗುಮುರುಗು: ಮುಚ್ಚಳ ಒಳಕ್ಕೆ ಹೀರಿಕೊಂಡು ತೆರೆಯಲು ಹಟ ಹಿಡಿಯುತ್ತದೆ, ಇಲ್ಲವೇ ದಾರಿಯ ದೂಳನ್ನು ಒಳಗೆಳೆದುಕೊಳ್ಳುತ್ತದೆ.

ಇದಕ್ಕೆ ಮದ್ದು ಉಸಿರಾಟದ ಕಿಂಡಿ. ಹಿಗ್ಗಿಸಿದ ಪಿಟಿಎಫ್‌ಇ ಎಂಬ ಪೊರೆ ಗಾಳಿಯನ್ನು ಬಿಟ್ಟು ನೀರಹನಿಯನ್ನು ತಡೆಯುತ್ತದೆ. ಅಮೆರಿಕದ ಬಾಬ್ ಗೋರ್ 1969ರಲ್ಲಿ ಕಂಡುಹಿಡಿದದ್ದು, ಮಳೆಕೋಟುಗಳಿಗೆ ಬಂದದ್ದೂ ಇದೇ. 12 ಮಿ.ಮೀ. ತೂತಿಗೆ ಕೂರುವ ಇದರ ಪುಟ್ಟ ಬಿರಡೆ ಎಲೆಕ್ಟ್ರಿಕಲ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಪೆಲಿಕನ್ ಕಂಪನಿಯ ಕ್ಯಾಮೆರಾ ಪೆಟ್ಟಿಗೆಗಳ ಹಿಡಿಯ ಬಳಿ ಕಾಣುವ ಗುಂಡಿಯೂ ಇದೇ ಕೆಲಸದ್ದು. ಕಿಂಡಿಯನ್ನು ಮುಚ್ಚಳದ ಮೇಲೆ ಕೊರೆಯಬೇಡಿ. ಮಗ್ಗುಲಲ್ಲಿ, ಅಂಚಿನ ಕೆಳಗೆ ಇರಲಿ.

ಪರೀಕ್ಷೆ: ಅನುಕ್ರಮವೇ ಅರ್ಧ ಗೆಲುವು

ಪೆಟ್ಟಿಗೆಯನ್ನು ಬೀಳಿಸುವ ಮೊದಲೇ, ಏನಾದರೆ ಅದು ಫೇಲು ಎಂದು ಬರೆದಿಡಿ. ನೆಗ್ಗಿದರೆ ಫೇಲಲ್ಲ. ಕೊಂಡಿ ತಾನಾಗಿ ತೆರೆದರೆ, ಮುಚ್ಚಳ ಮತ್ತೆ ಕೂರದಿದ್ದರೆ, ಒಳಗೆ ಹನಿ ಕಂಡರೆ ಫೇಲು. ಹೀಗೆ ಬರೆದಿಡದವರು ಆಮೇಲೆ ತಮ್ಮ ಪೆಟ್ಟಿಗೆಗೆ ಗ್ರೇಸ್ ಮಾರ್ಕು ಕೊಡುತ್ತಾರೆ.

ಎರಡನೆಯದು ಅನುಕ್ರಮ. ಹೊಸ ಪೆಟ್ಟಿಗೆಗೆ ನೀರು ಹೊಡೆದು ಸೋರಲಿಲ್ಲವೆಂದು ಹಿಗ್ಗುವುದರಲ್ಲಿ ಅರ್ಥವಿಲ್ಲ. ಮೊದಲು ಕುಲುಕಾಟ, ಆಮೇಲೆ ಬೀಳುವಿಕೆ, ಆಮೇಲೆ ದೂಳು, ಕೊನೆಗೆ ನೀರು. ಏಟು ತಿಂದ ಮೇಲೂ ಸೋರದಿದ್ದರೆ ಮಾತ್ರ ಅದು ಪಾಸು. ಪೂರ್ತಿ ಪರೀಕ್ಷೆಯನ್ನು ನಿಜವಾದ ತೂಕ ತುಂಬಿಯೇ ಮಾಡಿ. ಖಾಲಿ ಪೆಟ್ಟಿಗೆಯನ್ನು ಬೀಳಿಸಿದರೆ ಏನೂ ತಿಳಿಯುವುದಿಲ್ಲ. ಪಾತ್ರೆಗಳ ಬದಲು ಮರಳಿನ ಚೀಲ ಸಾಕು.

ಕುಲುಕಾಟಕ್ಕೆ ಕ್ವಾರಿ ಲಾರಿಗಳು ಓಡಾಡಿ ಅಲೆಅಲೆಯಾದ ಮಣ್ಣುರಸ್ತೆಗಿಂತ ಒಳ್ಳೆಯ ಯಂತ್ರವಿಲ್ಲ. ಹೊರಡುವ ಮೊದಲು ಪ್ರತಿ ನಟ್ಟಿನಿಂದ ತಗಡಿಗೆ ದಾಟುವಂತೆ ಬಣ್ಣದ ಒಂದು ಗೆರೆ ಎಳೆಯಿರಿ. ಬಂದ ಮೇಲೆ ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ. ಅಲ್ಲಿಗೆ ಸಡಿಲವಾಗದ ನೈಲಾಕ್ ನಟ್ಟು ಬೇಕು. ಒಳಗೂ ನೋಡಿ. ಸ್ಟೀಲ್ ಪಾತ್ರೆ ಅಲ್ಯೂಮಿನಿಯಮ್ ಗೋಡೆಗೆ ಉಜ್ಜಿದ್ದರೆ ಬೂದುಗಪ್ಪು ಪುಡಿ ಉದುರಿ ಅಕ್ಕಿ ಪೊಟ್ಟಣದ ಮೇಲೆ ಕೂತಿರುತ್ತದೆ. ಗೋಡೆಗೆ ಇವಿಎ ಫೋಮಿನ ಹಾಳೆ ಅಂಟಿಸಿದರೆ ಶಬ್ದವೂ ನಿಲ್ಲುತ್ತದೆ, ಪುಡಿಯೂ ನಿಲ್ಲುತ್ತದೆ.

ಬೀಳುವಿಕೆಗೆ ಅಮೆರಿಕದ ಸೇನೆಯ ಮಿಲ್-ಎಸ್‌ಟಿಡಿ-810 ಮಾನದಂಡವನ್ನು ಎಲ್ಲರೂ ಉದಾಹರಿಸುತ್ತಾರೆ. ಅದರಲ್ಲಿ ಒಬ್ಬರು ಹೊರುವಷ್ಟು ತೂಕದ ವಸ್ತುವನ್ನು 122 ಸೆಂ.ಮೀ. ಎತ್ತರದಿಂದ 26 ಬಾರಿ ಬೀಳಿಸುತ್ತಾರೆ: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಪ್ರವಾಸಿಯ ಪೆಟ್ಟಿಗೆಗೆ ಅಷ್ಟು ಬೇಡ. ನಿಮ್ಮ ಗಾಡಿಯ ಹಿಂಬಾಗಿಲಿನ ಎತ್ತರವನ್ನು ಅಳೆದು, ಅಲ್ಲಿಂದ ಕೊಂಡಿಯ ಪಕ್ಕದ ಮೂಲೆ, ಕೀಲಿನ ಪಕ್ಕದ ಮೂಲೆ, ಹಿಡಿ ಇರುವ ಮುಖ, ತಳ, ಇಷ್ಟರ ಮೇಲೆ ಬೀಳಿಸಿ. ಪ್ರತಿ ಸಲವೂ ಮುಚ್ಚಳವನ್ನು ತೆರೆದು ಮುಚ್ಚಿ ನೋಡಿ. ಕಾಲು ದೂರವಿರಲಿ.

ಗ್ಯಾಸ್ಕೆಟ್ ಕೂತಿದೆಯೇ ಎಂದು ತಿಳಿಯಲು ಸೀಮೆಸುಣ್ಣ ಸಾಕು. ಪೆಟ್ಟಿಗೆಯ ಬಾಯಂಚಿಗೆ ಹಚ್ಚಿ, ಮುಚ್ಚಿ, ತೆರೆಯಿರಿ. ರಬ್ಬರಿನ ಮೇಲೆ ಸುತ್ತಲೂ ತುಂಡಾಗದ ಬಿಳಿ ಗೆರೆ ಮೂಡಿರಬೇಕು. ತುಂಡಾದ ಜಾಗವೇ ಸೋರುವ ಜಾಗ. ಹೆಚ್ಚಾಗಿ ಅದು ಎರಡು ಕೊಂಡಿಗಳ ನಡುವೆ, ಮುಚ್ಚಳ ಕಮಾನಿನಂತೆ ಎದ್ದ ಕಡೆ ಸಿಗುತ್ತದೆ. ದೂಳಿಗೆ ಒಳಗೆ ಕಪ್ಪು ಬಟ್ಟೆ ಹಾಸಿ, ಬೇಸಿಗೆಯಲ್ಲಿ ಕೆಮ್ಮಣ್ಣಿನ ರಸ್ತೆಯಲ್ಲಿ ಇನ್ನೊಂದು ಗಾಡಿಯ ಬೆನ್ನಿಗೇ ಹೋಗಿ ಬನ್ನಿ. ಬಟ್ಟೆಯ ಮೇಲೆ ಕೆಂಪು ಎಲ್ಲಿ ಬಿದ್ದಿದೆ ಎಂಬುದೇ ದಾರಿ ಹೇಳುತ್ತದೆ.

ನೀರಿನ ಪರೀಕ್ಷೆಗೆ ಐಪಿ ಸಂಖ್ಯೆಗಳ ಪದ್ಧತಿಯಿದೆ. ಮೊದಲ ಅಂಕೆ ದೂಳಿಗೆ, ಎರಡನೆಯದು ನೀರಿಗೆ. ಐಪಿ67 ಎಂದರೆ ದೂಳು ಪೂರ್ತಿ ಬಂದ್, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದು. ಟಾಪಿನ ಮೇಲಿನ ಪೆಟ್ಟಿಗೆಗೆ ನೀರಿನ ಅಂಕೆ 5 ಸಾಕು: 6.3 ಮಿ.ಮೀ. ನಳಿಕೆಯಿಂದ, ನಿಮಿಷಕ್ಕೆ 12.5 ಲೀಟರಿನಂತೆ, ಎರಡೂವರೆ ಮೂರು ಮೀಟರ್ ದೂರದಿಂದ, ಕನಿಷ್ಠ ಮೂರು ನಿಮಿಷ ಎಲ್ಲ ಕಡೆಯಿಂದಲೂ ನೀರು ಹೊಡೆಯಬೇಕು. ಹೋಸಿನ ನೀರು 20 ಲೀಟರ್ ಕ್ಯಾನನ್ನು 96 ಸೆಕೆಂಡಿನಲ್ಲಿ ತುಂಬಿದರೆ ಪ್ರಮಾಣ ಸರಿಯಿದೆ ಎಂದರ್ಥ. ಒಳಗೆ ದಿನಪತ್ರಿಕೆಯ ಹಾಳೆ ಹಾಸಿಡಿ. ಒಂದು ಹನಿಯನ್ನೂ ಅದು ಮುಚ್ಚಿಡುವುದಿಲ್ಲ.

ಆದರೆ ಪ್ರಯೋಗಾಲಯ ಬಿಟ್ಟುಬಿಡುವ ಒಂದು ಸಂಗತಿ ನಮ್ಮಲ್ಲಿ ಪ್ರತಿ ಬೇಸಿಗೆ ನಡೆಯುತ್ತದೆ. ಮಾನದಂಡದಲ್ಲಿ ವಸ್ತುವಿಗೂ ನೀರಿಗೂ ಇರುವ ಬಿಸಿಯ ವ್ಯತ್ಯಾಸ 5 ಡಿಗ್ರಿ ಮೀರಬಾರದು. ಇಲ್ಲಿಯೋ, ಮೇ ತಿಂಗಳ ಬಿಸಿಲಿಗೆ ಟಾಪಿನ ಮೇಲೆ ಕಾದ ಪೆಟ್ಟಿಗೆಯ ಮೇಲೆ ಸಂಜೆ ಭರಣಿ ಮಳೆ ಸುರಿಯುತ್ತದೆ. ಒಳಗಿನ ಗಾಳಿ 60 ಡಿಗ್ರಿಯಿಂದ 25ಕ್ಕೆ ಇಳಿದರೆ ಒತ್ತಡ ಹತ್ತರಲ್ಲೊಂದು ಭಾಗ ಕುಸಿಯುತ್ತದೆ. ಅದು ಸರಿಸುಮಾರು ಒಂದು ಮೀಟರ್ ನೀರಿನಲ್ಲಿ ಮುಳುಗಿದಷ್ಟೇ ಸೆಳೆತ. ತಣ್ಣನೆಯ ಪೆಟ್ಟಿಗೆಯಲ್ಲಿ ಪಾಸಾದ ಗ್ಯಾಸ್ಕೆಟ್ ಈಗ ಅಂಚಿನಲ್ಲಿ ನಿಂತ ನೀರನ್ನು ಒಳಗೆ ಹೀರುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆ ಹೀಗಿರಲಿ: ನಡುಹಗಲಿನ ಬಿಸಿಲಿಗೆ ಮುಚ್ಚಿ ಇಟ್ಟು, ಮುಟ್ಟಿದರೆ ಕೈ ಸುಡುವಂತಾದಾಗ ತಣ್ಣೀರು ಹೊಡೆಯಿರಿ. ಉಸಿರಾಟದ ಕಿಂಡಿಯಿದ್ದ ಪೆಟ್ಟಿಗೆಗೂ ಇಲ್ಲದ್ದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕಟ್ಟದಿದ್ದರೆ ಎಲ್ಲವೂ ವ್ಯರ್ಥ

ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾಗಿ ಅರ್ಧ ಮೀಟರಿನಲ್ಲಿ ನಿಂತರೆ, 20 ಕೆ.ಜಿ. ಪೆಟ್ಟಿಗೆ ಸುಮಾರು 400 ಕೆ.ಜಿ.ಯ ಬಲದಿಂದ ಮುಂದಕ್ಕೆ ಹಾರುತ್ತದೆ. ಹಿಡಿಗೆ ಹಗ್ಗ ಕಟ್ಟಿದ್ದರೆ ರಿವೆಟ್ ಕಿತ್ತು ಬರುತ್ತದೆ. ರ್‍ಯಾಚೆಟ್ ಪಟ್ಟಿ ಪೆಟ್ಟಿಗೆಯ ಮೈಯನ್ನೇ ಸುತ್ತಿ ಗಾಡಿಯ ಕೊಕ್ಕೆಗೆ ಬೀಳಬೇಕು. ಪಟ್ಟಿ ಜಾರದಂತೆ ಮುಚ್ಚಳದ ಅಂಚಿಗೆ ಎರಡು ಕಚ್ಚು ಕೊಡಿಸಿ. ಟಾಪಿನ ಮೇಲಾದರೆ ಕಾರಿನ ಕೈಪಿಡಿಯಲ್ಲಿ ಹೇಳಿದ ಮಿತಿಯಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ ಎಂಬುದು ನೆನಪಿರಲಿ.

ಹಣ ಕಡಿಮೆ ಬಿದ್ದರೆ ಗೋಡೆಯಲ್ಲಿ ಉಳಿಸಿ: ತಗಡು ತೆಳುವಾಗಲಿ, ಬಣ್ಣ ಸಾದಾ ಇರಲಿ. ಕೊಂಡಿ, ಕೀಲು, ಗ್ಯಾಸ್ಕೆಟ್, ರಿವೆಟ್ ಇವುಗಳಲ್ಲಿ ಚೌಕಾಸಿ ಬೇಡ. ಪ್ರವಾಸ ಮುಗಿದ ಮೇಲೆ ಕೊಂಡಿಗಳನ್ನು ಬಿಚ್ಚಿಯೇ ಇಡಿ. ವರ್ಷಗಟ್ಟಲೆ ಅಮುಕಿಕೊಂಡಿದ್ದ ರಬ್ಬರು ಆ ಆಕಾರಕ್ಕೇ ಒಗ್ಗಿ ಮುಂದಿನ ಮಳೆಗಾಲಕ್ಕೆ ಕೈಕೊಡುತ್ತದೆ. ಒಂದು ಮೀಟರ್ ಗ್ಯಾಸ್ಕೆಟ್ ಪಟ್ಟಿ, ನಾಲ್ಕಾರು ರಿವೆಟ್, ಒಂದು ಬಿಡಿ ಕೊಂಡಿಯನ್ನು ಸಲಕರಣೆ ಪೆಟ್ಟಿಗೆಯ ತಳದಲ್ಲಿ ಹಾಕಿಟ್ಟರೆ, ಹೋದ ದಾರಿಯಲ್ಲೇ ಅದರ ರಿಪೇರಿಯೂ ಆಗುತ್ತದೆ.